ಗೂಡ್ಸ್ ಗಾಡಿಗೆ ಹೆಲ್ಮೆಟ್ ದಂಡ: ಹನ್ನೊಂದು ಚಲನ್ ಬಗೆಹರಿಸಿಕೊಂಡ ನನ್ನ ಅನುಭವ

2023ರ ನವೆಂಬರಿನಲ್ಲಿ ಎಫ್‌ಸಿ (ಗಾಡಿಯ ಫಿಟ್‌ನೆಸ್ ಸರ್ಟಿಫಿಕೇಟು) ಮಾಡಿಸಲು ಹೋದಾಗ ಗೊತ್ತಾಯಿತು, ನನ್ನ ಗೂಡ್ಸ್ ಗಾಡಿಯ ಮೇಲೆ ಹನ್ನೊಂದು ಚಲನ್ ಬಾಕಿ ಇವೆ ಅಂತ. ಕೌಂಟರಿನವರು ತಲೆ ಎತ್ತದೆ, "ಮೊದಲು ಇವನ್ನೆಲ್ಲಾ ಕ್ಲಿಯರ್ ಮಾಡ್ಕೊಂಡು ಬನ್ನಿ" ಎಂದರು. ಹೊರಗೆ ಬಂದು ಮೊಬೈಲಿನಲ್ಲಿ ಒಂದೊಂದಾಗಿ ತೆಗೆದು ನೋಡಿದೆ. ಅದರಲ್ಲಿ ಆರು, ಹೆಲ್ಮೆಟ್ ಹಾಕದೆ ಓಡಿಸಿದ್ದಕ್ಕೆ. ನನ್ನದು ನಾಲ್ಕು ಚಕ್ರದ ಗಾಡಿ.

ನಗು ಬಂತು, ಆಮೇಲೆ ನಾಚಿಕೆಯೂ ಆಯಿತು. ಯಾಕೆಂದರೆ ಅದೇ ವರ್ಷದ ಫೆಬ್ರವರಿಯಲ್ಲಿ ಕರ್ನಾಟಕದಲ್ಲಿ ಬಾಕಿ ದಂಡಕ್ಕೆ ಅರ್ಧ ರಿಯಾಯಿತಿ ಕೊಟ್ಟಾಗ, ಇಂಥವೇ ಎರಡು ಹೆಲ್ಮೆಟ್ ಚಲನ್‌ಗಳನ್ನು ನಾನೇ ಕಟ್ಟಿದ್ದೆ. 500 ರೂಪಾಯಿಗೆ 250. ಯಾವುದಕ್ಕೆ ಅಂತ ನೋಡಿರಲಿಲ್ಲ. ಸುಮ್ನೆ ಕಟ್ಟಿ ಮುಗಿಸೋಣ ಅಂದುಕೊಂಡಿದ್ದೆ. ಆದರೆ ಅದು ಮುಗಿದಿರಲಿಲ್ಲ. ಯಾರದೋ ಸ್ಕೂಟರಿನ ನಂಬರಿನಲ್ಲಿದ್ದ 8, ಕ್ಯಾಮೆರಾ ಕಣ್ಣಿಗೆ 3 ಆಗಿ ಕಾಣುತ್ತಿತ್ತು. ಆ ಪುಣ್ಯಾತ್ಮ ಹೆಲ್ಮೆಟ್ ಹಾಕದೆ ತಿರುಗಿದಷ್ಟೂ ಬಿಲ್ಲು ನನ್ನ ಹೆಸರಿಗೆ.

ಕಚೇರಿಯ ಗೇಟಿನ ಹತ್ತಿರವೇ ಒಬ್ಬ ಬ್ರೋಕರ್ ಸಿಕ್ಕಿದ. "ಅರ್ಧ ಕೊಡಿ ಸಾರ್, ನಾಳೆ ಸಂಜೆಗೆ ಎಲ್ಲಾ ಕ್ಲಿಯರ್" ಎಂದ. ಹೇಗೆ ಮಾಡ್ತೀಯಪ್ಪಾ ಅಂತ ಕೇಳಿದರೆ, "ಅದೆಲ್ಲಾ ನಿಮಗ್ಯಾಕೆ?" ಅಂದ. ಕೊಡುವ ಮನಸ್ಸು ಬಂದಿತ್ತು, ಸುಳ್ಳು ಹೇಳಲ್ಲ. ರಸೀದಿ ಕೊಡಲ್ಲ ಅಂದದ್ದಕ್ಕೆ ಬಿಟ್ಟೆ.

ಪರಿಚಯದವರೊಬ್ಬರು ವಕೀಲೆಯೊಬ್ಬರ ಹತ್ತಿರ ಕಳಿಸಿದರು. ಮೇಡಂ ನನ್ನ ಪುರಾಣ ಪೂರ್ತಿ ಕೇಳಲೇ ಇಲ್ಲ. ಒಂದು ಹಾಳೆ ಕೊಟ್ಟು, "ನಡುವೆ ಗೆರೆ ಹಾಕಿ. ಎಡಗಡೆ ನೀವು ಮಾಡಿದ ತಪ್ಪು, ಬಲಗಡೆ ಮಾಡದೇ ಇರೋದು. ನಾಳೆ ಬನ್ನಿ" ಎಂದರು. ಇಷ್ಟಕ್ಕೆ ವಕೀಲರು ಬೇಕಾ ಅನ್ನಿಸಿತು. ಆದರೆ ಆ ರಾತ್ರಿ ಡ್ರೈವರನ್ನು ಕೂರಿಸಿಕೊಂಡು ಟ್ರಿಪ್ ಶೀಟ್ ತೆಗೆದು ತಾರೀಕು ತಾಳೆ ನೋಡುತ್ತಾ ಹೋದಾಗ ಹನ್ನೊಂದರ ಗಂಟು ತಾನೇ ಬಿಚ್ಚಿಕೊಂಡಿತು. ಹೆಲ್ಮೆಟ್ಟಿನ ಆರು ನಮ್ಮದಲ್ಲ. ಇನ್ಶೂರೆನ್ಸ್ ಇಲ್ಲ ಅಂತ ಒಂದು. ಆ ದಿನ ಪಾಲಿಸಿ ಚಾಲ್ತಿಯಲ್ಲಿತ್ತು. ನೋ ಪಾರ್ಕಿಂಗ್ ಒಂದು, ನಮ್ಮದೇ. ಓವರ್ ಸ್ಪೀಡ್ ಎರಡು. ಒಂದನ್ನು ಡ್ರೈವರ್ ಒಪ್ಪಿಕೊಂಡ, ಇನ್ನೊಂದಕ್ಕೆ ಆಣೆ ಪ್ರಮಾಣ ಮಾಡಿದ. ಕೊನೆಯದು, ಗಾಡಿ ಓಡಿಸುತ್ತಾ ಫೋನಿನಲ್ಲಿ ಮಾತಾಡಿದ್ದು. ಅದಕ್ಕೆ ಏನೂ ಹೇಳದೆ ನೆಲ ನೋಡುತ್ತಾ ಕೂತ.

ಮರುದಿನ ಪಟ್ಟಿ ನೋಡಿ ಮೇಡಂ, "ಹೆಲ್ಮೆಟ್ ಆರಕ್ಕೂ ಇನ್ಶೂರೆನ್ಸಿಗೂ ನಾನು ಬೇಡ, ನೀವೇ ಮಾಡ್ಕೊಳ್ಳಿ. ಸುಮ್ನೆ ಫೀಸು ಯಾಕೆ ದಂಡ?" ಎಂದರು. ಆಮೇಲಿನದ್ದೆಲ್ಲಾ ಅವರನ್ನು ನಂಬಿ ಬಿಟ್ಟಿದ್ದು ಈ ಒಂದು ಮಾತಿಗೆ.

ಆ ಕೆಲಸ ನಿಜವಾಗಲೂ ಸುಲಭ. ಟ್ರಾಫಿಕ್ ಪೊಲೀಸರಿಗೆ ಪ್ರತಿ ಚಲನ್‌ಗೂ ಬೇರೆ ಬೇರೆ ದೂರು ಬರೆದೆ. ಚಲನ್ ನಂಬರ್, ಅದರಲ್ಲಿರುವ ಸ್ಕೂಟರಿನ ಫೋಟೋ, ನನ್ನ ಗಾಡಿಯ ಮುಂದಿನ ಹಿಂದಿನ ಫೋಟೋ, ಆರ್‌ಸಿ. ಎಲ್ಲಾ ಒಂದೇ ಅರ್ಜಿಯಲ್ಲಿ ತುಂಬಬೇಡಿ. ಒಂದು ಚಲನ್‌ಗೆ ತಕರಾರು ಬಂದರೆ ಎಲ್ಲವೂ ಅಲ್ಲೇ ನಿಲ್ಲುತ್ತವೆ. ಮೂರು ವಾರದಲ್ಲಿ ಐದು ರದ್ದಾದವು. ಆರನೆಯದು ರಾತ್ರಿಯ ಫೋಟೋ, ಕತ್ತಲಲ್ಲಿ ನಂಬರ್ ಪ್ಲೇಟ್ ಬಿಟ್ಟು ಏನೂ ಕಾಣುತ್ತಿರಲಿಲ್ಲ. "ಇದು ಸ್ಕೂಟರ್ ಅಂತ ಹೇಗೆ ಹೇಳ್ತೀರಿ?" ಅಂತ ಕೇಳಿದರು. ನಾಲ್ಕು ಚಕ್ರದ ಗಾಡಿಯ ಡ್ರೈವರ್ ಹೆಲ್ಮೆಟ್ ಯಾಕೆ ಹಾಕಬೇಕು ಸ್ವಾಮೀ ಅಂದೆ. "ಅದಕ್ಕೂ ಮುಂಚೆ ಎರಡು ಕಟ್ಟಿದ್ದೀರಲ್ಲ, ಆಗ ಯಾಕೆ ಹೇಳಲಿಲ್ಲ?" ಅಂದರು. ಫೆಬ್ರವರಿಯಲ್ಲಿ ಉಳಿಸಿದ ದುಡ್ಡು ಹೀಗೆ ಕಚ್ಚಿತು. ಇನ್ಶೂರೆನ್ಸಿನದು ಡಿಜಿಲಾಕರಿನಲ್ಲಿದ್ದ ಪಾಲಿಸಿ ತೋರಿಸಿದ ಮೇಲೆ ಬಿಟ್ಟುಹೋಯಿತು. ನೋ ಪಾರ್ಕಿಂಗೂ ಒಪ್ಪಿಕೊಂಡ ಓವರ್ ಸ್ಪೀಡೂ ಅದೇ ದಿನ ಕಟ್ಟಿದೆ. ಇವನ್ನು ಲೋಕ ಅದಾಲತ್ ತನಕ ಇಟ್ಟುಕೊಂಡರೆ ಕಡಿಮೆ ಆಗುತ್ತಿತ್ತೇನೋ, ಆದರೆ ಎಫ್‌ಸಿ ಕಾಯಬೇಕಲ್ಲ. ನಮ್ಮದಲ್ಲದ ಕೇಸನ್ನು ಅಲ್ಲಿಗೆ ಒಯ್ಯಲು ಮಾತ್ರ ಮೇಡಂ ಒಪ್ಪಲಿಲ್ಲ. ಲೋಕ ಅದಾಲತ್ತಿನಲ್ಲಿ ರಾಜಿಯಾದರೆ ಅದೇ ಕೊನೆ, ಮೇಲ್ಮನವಿ ಇಲ್ಲ.

ಉಳಿದ ಓವರ್ ಸ್ಪೀಡ್ ಚಲನ್‌ಗೇ ನಿಜವಾಗಿ ವಕೀಲರು ಬೇಕಾದದ್ದು. ಕ್ಯಾಮೆರಾ ಪ್ರಕಾರ ನಮ್ಮ ಗಾಡಿಯ ವೇಗ 94. ನಮ್ಮ ಗಾಡಿಗೆ ವೇಗ ಮಿತಿ ಮೀರದಂತೆ ತಡೆಯುವ ಸ್ಪೀಡ್ ಗವರ್ನರ್ ಇದೆ, 80ಕ್ಕೆ ಕಟ್ಟಿದೆ. ಅವತ್ತು ಲೋಡ್ ಬೇರೆ ಇತ್ತು. ಮೇಡಂ ಚಲನ್‌ನ ಫೋಟೋವನ್ನು ದೊಡ್ಡದು ಮಾಡಿ ನೋಡಿದರು. ಬಲಗಡೆ ಅಂಚಿನಲ್ಲಿ ಒಂದು ಕಾರಿನ ಅರ್ಧ ಬಾನೆಟ್! ನಾನು ಅದನ್ನು ಹತ್ತು ಸಲ ನೋಡಿದ್ದೆ, ಒಂದು ಸಲವೂ ಕಂಡಿರಲಿಲ್ಲ. ರಾಡಾರ್ ಕಿರಣ ಮುಂದೆ ಹೋದಂತೆ ಅಗಲವಾಗುತ್ತದೆ, ಪಕ್ಕದ ಲೇನಿನ ಗಾಡಿಯ ವೇಗವೂ ಸಿಕ್ಕಿಬಿಡಬಹುದು ಅಂತ ಅವರೇ ವಿವರಿಸಿದರು.

ಆಮೇಲೆ ಕೇಳಿದ್ದು, "ಈ ನೋಟಿಸ್ ಬಂದ ಕವರ್ ಎಲ್ಲಿ?"

ಹನ್ನೊಂದರಲ್ಲಿ ಅಂಚೆಯಲ್ಲಿ ಮನೆಗೆ ಬಂದದ್ದು ಇದೊಂದೇ. ಡ್ರಾಯರಿಗೆ ತುರುಕಿ ಮರೆತಿದ್ದೆ. ಕವರ್ ಹುಡುಕಿದರೆ ಅದರ ಹಿಂದೆ ಮಗಳು ಭಾಗಾಕಾರ ಮಾಡಿಕೊಂಡಿದ್ದಾಳೆ, ಅದೂ ತಪ್ಪು ಭಾಗಾಕಾರ. ಆದರೆ ಮುಂದಿನ ಅಂಚೆ ಮುದ್ರೆ ಸ್ಪಷ್ಟವಾಗಿತ್ತು. ಘಟನೆಯಾಗಿ 41 ದಿನದ ಮೇಲೆ ಕಳಿಸಿದ್ದು. ಮೇಡಂ ಮುಖ ಅರಳಿತು.

ಇದರ ಕಾನೂನನ್ನು ಅವರು ನನಗೆ ಬಿಡಿಸಿ ಹೇಳಿದ್ದು ಹೀಗೆ. ಮೋಟಾರು ವಾಹನ ಕಾಯ್ದೆ 1988ರದ್ದು. ಅತಿ ವೇಗ 183ನೇ ಸೆಕ್ಷನ್, ಅಪಾಯಕಾರಿ ಚಾಲನೆ 184. ಈ ಎರಡರಲ್ಲಿ ಶಿಕ್ಷೆ ಆಗಬೇಕಾದರೆ 209ನೇ ಸೆಕ್ಷನ್ ಒಂದು ಶರತ್ತು ಹಾಕುತ್ತದೆ. ಒಂದೋ ಅಲ್ಲೇ ನಿಲ್ಲಿಸಿ ಕೇಸ್ ಆಗಬಹುದು ಅಂತ ಎಚ್ಚರಿಸಿರಬೇಕು, ಇಲ್ಲಾ 14 ದಿನದೊಳಗೆ ನೋಟಿಸ್ ಕಳಿಸಿರಬೇಕು, ಇಲ್ಲಾ 28 ದಿನದೊಳಗೆ ಸಮನ್ಸ್ ಜಾರಿಯಾಗಿರಬೇಕು. ವಿಳಾಸವೇ ಸಿಗಲಿಲ್ಲ ಅನ್ನುವಂಥ ಕಾರಣಗಳಿದ್ದರೆ ವಿನಾಯಿತಿ ಇದೆ. ಕ್ಯಾಮೆರಾ ಕೇಸುಗಳಿಗೆ 2021ರ ಆಗಸ್ಟಿನಲ್ಲಿ 167ಎ ಅಂತ ಹೊಸ ನಿಯಮ ಬಂತು. ಅದರ ಪ್ರಕಾರ ಆಗ ನೋಟಿಸ್ 15 ದಿನದೊಳಗೆ ಹೋಗಬೇಕಿತ್ತು. ಉಪಕರಣಕ್ಕೆ ಮಂಜೂರಾತಿ ಪ್ರಮಾಣಪತ್ರ ಇರಬೇಕು, ಅದನ್ನು ವರ್ಷ ವರ್ಷ ನವೀಕರಿಸಬೇಕು. ಕ್ಯಾಮೆರಾ ಇದೆ ಅಂತ ರಸ್ತೆಯಲ್ಲಿ ಬೋರ್ಡು ಇರಬೇಕು. ಚಲನ್ ಜೊತೆ ಸಾಕ್ಷ್ಯ ಕಾಯ್ದೆಯ 65ಬಿ ಪ್ರಮಾಣಪತ್ರವೂ (ಎಲೆಕ್ಟ್ರಾನಿಕ್ ದಾಖಲೆಯನ್ನು ಸಾಕ್ಷ್ಯವಾಗಿ ಕೊಡಲು ಬೇಕಾದದ್ದು) ಇರಬೇಕು. (2024ರ ಜುಲೈ 1ರಿಂದ ಹೊಸ ಸಾಕ್ಷ್ಯ ಕಾನೂನು ಬಂದಿದೆ, ಅದರಲ್ಲಿ ಇದು 63ನೇ ಸೆಕ್ಷನ್.)

"ಹಾಗಾದ್ರೆ ಗೆದ್ದಂಗೇ ಅಲ್ವಾ ಮೇಡಂ?" ಅಂದೆ. "ನಿಮ್ಮ ಆರ್‌ಸಿಯಲ್ಲಿ ಯಾವ ಮೊಬೈಲ್ ನಂಬರ್ ಇದೆ?" ಅಂತ ತಿರುಗಿ ಕೇಳಿದರು. ಹಳೇ ನಂಬರ್, ಆ ಸಿಮ್ ಬಿಟ್ಟು ನಾಲ್ಕು ವರ್ಷ. ನೋಟಿಸಿನ ಮೆಸೇಜ್ ಆ ನಂಬರಿಗೆ ಸಮಯಕ್ಕೆ ಸರಿಯಾಗಿ ಹೋಗಿತ್ತು ಅಂತ ಪೊಲೀಸರು ತೋರಿಸಿಬಿಟ್ಟರೆ ಕವರಿನ ಮೇಲೆ ನಿಂತ ವಾದ ಕುಸಿಯುತ್ತದೆ. ಇದನ್ನು ಓದುತ್ತಿರುವವರು ಮೊದಲು ಆರ್‌ಸಿಗೆ ಈಗಿನ ನಂಬರ್ ಹಾಕಿಸಿಕೊಳ್ಳಿ. ಉಳಿದದ್ದು ಆಮೇಲೆ ಓದಬಹುದು.

ಕೇಸ್ ವರ್ಚುವಲ್ ಕೋರ್ಟಿಗೆ, ಅಂದರೆ ಆನ್‌ಲೈನ್ ಕೋರ್ಟಿಗೆ ಹೋಗಿತ್ತು. ಅಲ್ಲಿ ಎರಡೇ ದಾರಿ: ದಂಡ ಕಟ್ಟುವುದು, ಇಲ್ಲವೇ ಎದುರಿಸುವುದು. ಎದುರಿಸುತ್ತೇನೆ ಅಂತ ಒತ್ತಿದರೆ ಮಾಮೂಲಿ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಹೋಗುತ್ತದೆ. ಒತ್ತುವಾಗ ಕೈ ನಡುಗಿತು ಅಂದರೆ ನಗಬೇಡಿ. ಕೋರ್ಟು ಅಂದರೆ ನಮ್ಮಂಥವರಿಗೆ ಒಳಗೊಳಗೇ ಭಯ. ಇಂಥ ಸಣ್ಣ ಕೇಸುಗಳಲ್ಲಿ ನಾವು ಹೋಗದೆ ವಕೀಲರೇ ಹಾಜರಾಗಬಹುದು, 208ನೇ ಸೆಕ್ಷನ್‌ನಲ್ಲಿ ಅದಕ್ಕೆ ಜಾಗ ಇದೆ. ಆದರೂ ಮೊದಲ ದಿನ ನಾನು ಹೋದೆ. ಬೆಳಿಗ್ಗೆ ಹತ್ತೂವರೆಯಿಂದ ನಿಂತು, ಒಂದಕ್ಕೆ ಕಾಲು ಗಂಟೆ ಇರುವಾಗ ಹೆಸರು ಕರೆದರು. "ತಪ್ಪು ಒಪ್ತೀರಾ?" "ಇಲ್ಲ ಸ್ವಾಮಿ." ಅಷ್ಟೇ. ಮುಂದಿನ ಡೇಟ್. ಒಂದು ನಿಮಿಷವೂ ಆಗಿರಲಿಲ್ಲ. ಎರಡನೇ ಸಲ ಮೇಡಂ ಒಬ್ಬರೇ ಹೋದರು, ಮತ್ತೆ ಡೇಟ್. ಮೂರನೇ ಸಲ ಗವರ್ನರ್ ಸರ್ಟಿಫಿಕೇಟು, ಆ ದಿನದ ಜಿಪಿಎಸ್ ದಾಖಲೆ, ಭಾಗಾಕಾರದ ಕವರು ಎಲ್ಲಾ ಕೊಟ್ಟರು. ಕವರಿನ ಬಗ್ಗೆ ವಾದವೇ ನಡೆಯಲಿಲ್ಲ. ಕ್ಯಾಮೆರಾದ ಆ ವರ್ಷದ ಪ್ರಮಾಣಪತ್ರ ಎಲ್ಲಿ ಅಂತ ಮ್ಯಾಜಿಸ್ಟ್ರೇಟ್ ಕೇಳಿದರು, ಆ ಕಡೆಯವರು ತಂದಿರಲಿಲ್ಲ. ಅವರಿಗೆ ಇನ್ನೊಂದು ಅವಕಾಶ ಸಿಕ್ಕಿತು. ನಾಲ್ಕನೇ ಡೇಟಿಗೂ ಅದು ಬರಲಿಲ್ಲ. ಖುಲಾಸೆ ಆಯಿತು. ಮೇಡಂಗೆ ಕೊಟ್ಟ ಫೀಸು ದಂಡಕ್ಕಿಂತ ಜಾಸ್ತಿ. ಲೆಕ್ಕ ನೋಡಿದರೆ ನಷ್ಟವೇ, ಆದರೆ ಡ್ರೈವರಿನ ಮೇಲೆ ಅತಿ ವೇಗದ್ದು ಎರಡನೆಯದು ಸೇರಲಿಲ್ಲ. (ಕೋರ್ಟಿನ ಪ್ರತಿ ತೋರಿಸಿ ಎಫ್‌ಸಿ ಮಾಡಿಸಿಕೊಂಡದ್ದು ಇನ್ನೊಂದು ಕಥೆ. ಮೂರು ಸಲ ಅಲೆದೆ.)

ಇನ್ನು ಫೋನಿನ ಕೇಸು. ಇಲ್ಲಿ ನಾನು ಮಾಡಲು ಹೊರಟಿದ್ದನ್ನೂ ಬರೆದುಬಿಡುತ್ತೇನೆ. ಯಾರು ಓಡಿಸುತ್ತಿದ್ದರು ಅಂತ ಕೇಳಿದರೆ ಮಾಲೀಕ ಹೇಳಲೇಬೇಕು, 133ನೇ ಸೆಕ್ಷನ್. ನಮ್ಮ ಚಿಕ್ಕಪ್ಪನಿಗೆ ಲೈಸೆನ್ಸ್ ಇದೆ, ಅವರು ಗಾಡಿ ಓಡಿಸುವುದು ಬಿಟ್ಟು ಎಷ್ಟೋ ಕಾಲವಾಯಿತು. ಅವರ ಹೆಸರು ಬರೆದರೆ ಡ್ರೈವರ್ ಉಳಿಯುತ್ತಾನಲ್ಲ ಅಂದೆ. ಮೇಡಂ ಪೆನ್ ಕೆಳಗಿಟ್ಟರು. "ಫೋಟೋದಲ್ಲಿ ಇರೋದು ನಿಮ್ಮ ಚಿಕ್ಕಪ್ಪನ ಮುಖಾನಾ? ಈಗ ಇರೋದು ದಂಡದ ಕೇಸು. ನೀವು ಅದನ್ನ ಸುಳ್ಳು ಹೇಳಿಕೆ ಕೇಸ್ ಮಾಡ್ತಿದ್ದೀರಿ. ಅದಕ್ಕೆ ಬೇರೆ ವಕೀಲರನ್ನ ನೋಡ್ಕೊಳ್ಳಿ." ಅಲ್ಲಿಗೆ ಆ ಮಾತು ಮುಗಿಯಿತು.

ದಂಡ ನಾನೇ ಕಟ್ಟಿದೆ. ಆದರೆ ದಂಡ ಕಟ್ಟಿದರೆ ಮುಗಿಯಲ್ಲ ಅನ್ನುವುದು ನನಗೂ ಗೊತ್ತಿರಲಿಲ್ಲ, ಅವನಿಗೂ ಗೊತ್ತಿರಲಿಲ್ಲ. ಸುಪ್ರೀಂ ಕೋರ್ಟಿನ ರಸ್ತೆ ಸುರಕ್ಷತಾ ಸಮಿತಿ 2015ರಲ್ಲೇ ಹೇಳಿದೆ: ಅತಿ ವೇಗ, ಸಿಗ್ನಲ್ ಜಂಪ್, ಓವರ್ ಲೋಡ್, ಗೂಡ್ಸ್ ಗಾಡಿಯಲ್ಲಿ ಜನ ಸಾಗಿಸುವುದು, ಕುಡಿದು ಓಡಿಸುವುದು, ಫೋನಿನಲ್ಲಿ ಮಾತಾಡುವುದು, ಇವಕ್ಕೆಲ್ಲಾ ಕನಿಷ್ಠ ಮೂರು ತಿಂಗಳು ಲೈಸೆನ್ಸ್ ಅಮಾನತು ಮಾಡಿ ಅಂತ. ಒಂದು ದಿನ ಅವನು ನೋಟಿಸ್ ಹಿಡಿದುಕೊಂಡು ಬಂದ. "ಅಣ್ಣಾ, ಲೈಸೆನ್ಸ್ ಯಾಕೆ ಅಮಾನತು ಮಾಡಬಾರದು ಅಂತ ಕೇಳವ್ರೆ. ಏನ್ ಬರೀಲಿ?" ನನಗೆ ಇದು ಗಾಡಿಯ ಖರ್ಚು, ಅವನಿಗೆ ಮೂರು ತಿಂಗಳ ಸಂಬಳ.

ಅವನಿಗೆ ವಕೀಲರ ಫೀಸು ಕೊಡುವ ಶಕ್ತಿ ಇರಲಿಲ್ಲ, ನನ್ನಿಂದ ಇನ್ನೊಂದು ರೂಪಾಯಿ ತಗೊಳ್ಳಲು ಮನಸ್ಸೂ ಇರಲಿಲ್ಲ. ಮೇಡಮ್ಮೇ ತಾಲ್ಲೂಕು ಕಾನೂನು ಸೇವೆಗಳ ಸಮಿತಿಗೆ ಕಳಿಸಿದರು. ಕೋರ್ಟಿನ ಆವರಣದಲ್ಲೇ ಇದೆ, ಅಷ್ಟು ದಿನ ಅದರ ಮುಂದೆಯೇ ನಾವು ಓಡಾಡಿದ್ದೆವು. ಹೆಣ್ಣುಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕಡಿಮೆ ಆದಾಯದವರು, ಇವರಿಗೆಲ್ಲಾ 1987ರ ಕಾನೂನಿನ ಪ್ರಕಾರ ಉಚಿತ ವಕೀಲರು ಸಿಗುತ್ತಾರೆ. 15100ಕ್ಕೆ ಫೋನ್ ಮಾಡಿದರೂ ದಾರಿ ಹೇಳುತ್ತಾರೆ. ಅಲ್ಲಿ ಸಿಕ್ಕ ಹುಡುಗ ವಕೀಲ ಅವನ ಉತ್ತರವನ್ನು ಚೆನ್ನಾಗಿ ಬರೆದುಕೊಟ್ಟ. ತಪ್ಪು ಒಪ್ಪಿಕೊಂಡು, ಇಷ್ಟು ವರ್ಷದಲ್ಲಿ ಒಂದು ಅಪಘಾತವೂ ಇಲ್ಲ, ಕುಟುಂಬ ಇದರಲ್ಲೇ ನಡೆಯುತ್ತದೆ ಅಂತ. ಅಮಾನತಿಗೆ ಮೊದಲು ಅವನ ಮಾತು ಕೇಳಬೇಕು ಅನ್ನುವುದು 19ನೇ ಸೆಕ್ಷನ್‌ನಲ್ಲೇ ಇದೆ. ಕೇಳಿದರು. ಕೇಳಿ ಮೂರು ತಿಂಗಳು ಅಮಾನತು ಮಾಡಿದರು. ಮೂವತ್ತು ದಿನದೊಳಗೆ ಮೇಲ್ಮನವಿ ಹಾಕಬಹುದಿತ್ತು. "ಮಾತಾಡಿದ್ದು ನಿಜ ತಾನೇ ಅಣ್ಣಾ, ಬಿಡಿ" ಅಂದ. ಆ ಮೂರು ತಿಂಗಳು ಬೇರೆಯವನು ಓಡಿಸಿದ, ಇವನು ಪಕ್ಕದ ಸೀಟಿನಲ್ಲಿ ಕೂತು ಲೋಡ್ ಇಳಿಸಿದ. ಅರ್ಧ ಸಂಬಳ ಕೊಟ್ಟೆ.

ಆರನೇ ಹೆಲ್ಮೆಟ್ ಚಲನ್ ಇನ್ನೂ ಬಾಕಿ ಇದೆ. ಅದನ್ನೂ ಎದುರಿಸುತ್ತೇನೆ ಅಂತ ಒತ್ತಿದ್ದೇನೆ. ಈ ಸಲ ವಕೀಲರಿಲ್ಲ, ನಾನೇ ನಿಲ್ಲುತ್ತೇನೆ. ಗಾಡಿಯ ನಾಲ್ಕೂ ಚಕ್ರದ ಫೋಟೋ ದೊಡ್ಡದಾಗಿ ಪ್ರಿಂಟ್ ಹಾಕಿಸಿ ಇಟ್ಟಿದ್ದೇನೆ.