ನಿಯತಕಾಲಿಕೆಗಳ ಹಣ: ವಿಭಾಗಗಳಿಗೆ ಹಂಚುವ ನನ್ನ ಲೆಕ್ಕ

ಶಿವಮೊಗ್ಗದ ನಮ್ಮ ಪದವಿ ಕಾಲೇಜಿನ ಗ್ರಂಥಾಲಯದಂಥ ಕಡೆ ನಿಯತಕಾಲಿಕೆಗಳ ಹಣವನ್ನು ವಿಭಾಗಗಳಿಗೆ ಸಮನಾಗಿ ಹಂಚಿದರೆ ಜಗಳ ಇರುವುದಿಲ್ಲ, ನ್ಯಾಯವೂ ಆಗುವುದಿಲ್ಲ. ವಿಜ್ಞಾನದ ಒಂದು ಜರ್ನಲ್‌ ಚಂದಾದಲ್ಲಿ ಕನ್ನಡದ ನಾಲ್ಕೈದು ಪತ್ರಿಕೆ ತರಿಸಬಹುದು. ಬರೀ ತಲೆ ಎಣಿಸಿ ಕೊಟ್ಟರೆ ಸಂಸ್ಕೃತದಂಥ ಸಣ್ಣ ವಿಭಾಗಕ್ಕೆ ಒಂದು ಚಂದಾಕ್ಕೂ ಸಾಲದು.

ಒಟ್ಟು 1,50,000 ರೂಪಾಯಿ ಅಂತ ಇಟ್ಟುಕೊಳ್ಳಿ. ದಿನಪತ್ರಿಕೆ, ಸುಧಾ, ಮಯೂರ, ಸ್ಪರ್ಧಾತ್ಮಕ ಪರೀಕ್ಷೆಯ ಮಾಸಿಕಗಳಿಗೆ 45,000 ಸಾಮಾನ್ಯ ನಿಧಿ ಎಂದು ಮೊದಲೇ ತೆಗೆದಿಡುತ್ತೇನೆ. ಮಯೂರವನ್ನು ಕನ್ನಡ ವಿಭಾಗದ ಖಾತೆಗೆ ಬರೆಯಬಾರದು, ಬಿ.ಕಾಂ. ಮಕ್ಕಳೂ ಅದನ್ನು ಓದುತ್ತಾರೆ. ಬೈಂಡಿಂಗ್ ಮತ್ತು ಚಂದಾ ಏರಿಕೆಗೆ 15,000. ಉಳಿದ 90,000 ಒಂಬತ್ತು ವಿಭಾಗಗಳಿಗೆ.

ಇದರಲ್ಲಿ ಅರ್ಧ ಸಮಪಾಲು, ತಲಾ 5,000. ಶೇ 30, ಅಂದರೆ 27,000, ವಿದ್ಯಾರ್ಥಿಗಳ ಸಂಖ್ಯೆಯ ಮೇಲೆ. ಶೇ 20, ಅಂದರೆ 18,000, ಆ ವಿಷಯದ ಪತ್ರಿಕೆಗಳ ಸರಾಸರಿ ಬೆಲೆಯ ಮೇಲೆ. ರಸಾಯನಶಾಸ್ತ್ರದಲ್ಲಿ 1,200ಕ್ಕೆ 120 ಮಕ್ಕಳಿದ್ದರೆ 2,700. ಒಂಬತ್ತೂ ವಿಷಯಗಳ ಸರಾಸರಿ ಬೆಲೆ ಕೂಡಿದರೆ 15,000, ಅದರಲ್ಲಿ ಇದರದ್ದು 3,000 ಆದರೆ 3,600. ಒಟ್ಟು 11,300. ಕನ್ನಡಕ್ಕೆ 200 ಮಕ್ಕಳು, ಸರಾಸರಿ ಬೆಲೆ 500: ಒಟ್ಟು 10,100.

ಎಡವುವುದು ಮಕ್ಕಳ ಎಣಿಕೆಯಲ್ಲಿ. ಬಿ.ಎ. ಹುಡುಗಿಯೊಬ್ಬಳು ಇತಿಹಾಸಕ್ಕೂ ಅರ್ಥಶಾಸ್ತ್ರಕ್ಕೂ ಸೇರಿದವಳು, ಆದ್ದರಿಂದ ಪ್ರವೇಶದ ಸಂಖ್ಯೆ ಬೇಡ, ವಿಷಯವಾರು ಪಟ್ಟಿ ಕಚೇರಿಯಿಂದ ತರಿಸಿ. ಭಾಷೆಯಾಗಿ ಕನ್ನಡ ಓದುವವರನ್ನು ಬಿಟ್ಟು ಐಚ್ಛಿಕದವರನ್ನಷ್ಟೇ ಎಣಿಸಿ. ಇಲ್ಲದಿದ್ದರೆ ಭಾಷಾ ವಿಭಾಗಗಳೇ ಅರ್ಧ ಹಣ ಎಳೆದುಕೊಳ್ಳುತ್ತವೆ.

ಬಳಕೆಯನ್ನು ಈ ಸೂತ್ರಕ್ಕೆ ಸೇರಿಸುವುದೇ ಇಲ್ಲ. ಪತ್ರಿಕೆಯೇ ಇಲ್ಲದ ವಿಭಾಗಕ್ಕೆ ಬಳಕೆ ಎಲ್ಲಿಂದ ಬರಬೇಕು? ಯಾವುದನ್ನು ನವೀಕರಿಸಬೇಕು ಎನ್ನುವುದಕ್ಕೆ ಮಾತ್ರ ಅದು ಬೇಕು. ನಿಯತಕಾಲಿಕೆ ಮನೆಗೆ ಹೋಗುವುದಿಲ್ಲವಾದ್ದರಿಂದ ಇಶ್ಯೂ ರಿಜಿಸ್ಟರ್‌ನಲ್ಲಿ ಏನೂ ಸಿಗದು. ‘ಓದಿದ ಸಂಚಿಕೆಯನ್ನು ಮೇಜಿನ ಮೇಲೆಯೇ ಬಿಡಿ’ ಎಂದು ಬೋರ್ಡ್ ಹಾಕಿ, ಸಂಜೆ ಎತ್ತಿಡುವಾಗ ರಕ್ಷಾಪುಟದ ಒಳಗೆ ಅಂಟಿಸಿದ ಚೀಟಿಯಲ್ಲಿ ಪೆನ್ಸಿಲ್‌ನಿಂದ ಒಂದು ಗೀಟು ಎಳೆಯಿರಿ. ಒಂದು ಸೆಮಿಸ್ಟರ್ ಸಾಕು. ಗೀಟೇ ಇಲ್ಲದ ಪತ್ರಿಕೆಯನ್ನು ವಿಭಾಗದ ಮುಖ್ಯಸ್ಥರ ಮುಂದಿಟ್ಟು ಮಾತಾಡುವುದು ಸುಲಭ.

ಕರೆಂಟ್ ಸೈನ್ಸ್, ರೆಸೊನೆನ್ಸ್ ಎಂಬ ವಿಜ್ಞಾನ ಪತ್ರಿಕೆಗಳೆರಡೂ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಮೊದಲನೆಯದನ್ನು ಪರದೆಯ ಮೇಲೆ ಓದಿದರಾಯಿತು. ರೆಸೊನೆನ್ಸ್ ಮಾತ್ರ ಮುದ್ರಿತ ಪ್ರತಿಯೇ ಇರಲಿ, ಪದವಿ ಮಕ್ಕಳು ಕೈಯಲ್ಲಿ ಹಿಡಿದರೆ ಬಿಡದ ಪತ್ರಿಕೆ ಅದು. ಉಳಿದವುಗಳಿಗೆ, ಕಾಲೇಜುಗಳಿಗೆ ಇ-ಜರ್ನಲ್ ಒದಗಿಸುವ ಎನ್-ಲಿಸ್ಟ್ ಯೋಜನೆಯಲ್ಲಿ ಇದೆಯೇ ಎಂದು ನೋಡದೆ ಹಣ ಕಟ್ಟಬೇಡಿ.

ನಮ್ಮ ಹಣ ಏಪ್ರಿಲ್‌ನಿಂದ ಮಾರ್ಚ್, ಜರ್ನಲ್‌ಗಳ ಸಂಪುಟ ಹೆಚ್ಚಾಗಿ ಜನವರಿಯಿಂದ ಡಿಸೆಂಬರ್. ಪಟ್ಟಿ ಆಗಸ್ಟ್‌ನಲ್ಲಿ ಕೇಳಿ ಅಕ್ಟೋಬರ್‌ನಲ್ಲಿ ಆರ್ಡರ್ ಕೊಡದಿದ್ದರೆ ಜನವರಿ ಸಂಚಿಕೆ ತಪ್ಪಿ ಸಂಪುಟ ಹರಕಾಗುತ್ತದೆ. ಗಡುವಿಗೆ ಪಟ್ಟಿ ಕೊಡದ ವಿಭಾಗದ ಹಣ ಆ ವರ್ಷ ಸಾಮಾನ್ಯ ನಿಧಿಗೆ. ಮುಂದಿನ ವರ್ಷದ ಪಾಲನ್ನು ಅದಕ್ಕಾಗಿ ಕಡಿತ ಮಾಡಬಾರದು, ಯಾರದೋ ಮರೆವಿಗೆ ಮಕ್ಕಳು ಯಾಕೆ ಕಳೆದುಕೊಳ್ಳಬೇಕು.

ಬೈಂಡಿಂಗ್ ಹಣವನ್ನು ಫೆಬ್ರವರಿ, ಮಾರ್ಚ್‌ನೊಳಗೆ ಖರ್ಚು ಮಾಡಿ. ಮಲೆನಾಡಿನ ಮಳೆಯಲ್ಲಿ ಮೈದಾ ಅಂಟು ಒಣಗದೆ ಬೆನ್ನಿನೊಳಗೆ ಬೂಷ್ಟು ಹಿಡಿಯುತ್ತದೆ, ನುಣುಪು ಕಾಗದದ ಹಾಳೆಗಳು ಒಂದಕ್ಕೊಂದು ಅಂಟಿಕೊಂಡರೆ ಬಿಡಿಸುವಾಗ ಅಕ್ಷರವೇ ಕಿತ್ತು ಬರುತ್ತದೆ.