ಒಂದೇ ಮೈಕ್, ನಾಲ್ವರು ವಾದಕರು

ಕಳೆದ ಚಳಿಗಾಲದಲ್ಲಿ ನ್ಯೂಜೆರ್ಸಿಯ ಹಳೆಯ ಚರ್ಚ್ ಸಭಾಂಗಣವೊಂದರಲ್ಲಿ ಸ್ವಿಂಗ್ ಜಾಝ್ (1930ರ ದಶಕದಲ್ಲಿ ಜನಪ್ರಿಯವಾದ, ಕುಣಿಸುವ ಲಯದ ಜಾಝ್) ತಂಡದ ಕಛೇರಿಯನ್ನು ಧ್ವನಿಮುದ್ರಿಸಿದೆ. ಕ್ಲಾರಿನೆಟ್, ಗಿಟಾರ್, ಡಬಲ್ ಬಾಸ್, ಡ್ರಮ್ಸ್. ಎದುರಿಗೆ ಎಪ್ಪತ್ತು ಕೇಳುಗರು. ವಾದ್ಯಕ್ಕೊಂದು ಮೈಕ್ ಇಟ್ಟು ಆಮೇಲೆ ಕಂಪ್ಯೂಟರಿನಲ್ಲಿ ಹದ ಮಾಡುವುದು ಇಂದಿನ ರೂಢಿ. ನಾನು ಒಂದೇ ರಿಬ್ಬನ್ ಮೈಕ್ (ತೆಳು ಲೋಹದ ಪಟ್ಟಿಯ ಕಂಪನದಿಂದ ಸದ್ದು ಹಿಡಿಯುವ ಮೈಕ್) ಸಾಕೆಂದು ಹಟ ಹಿಡಿದೆ. 1938ರ ಜನವರಿ 16ರಂದು ಕ್ಲಾರಿನೆಟ್ ವಾದಕ ಬೆನ್ನಿ ಗುಡ್‌ಮನ್ ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ನಡೆಸಿದ ಕಛೇರಿ ವೇದಿಕೆಯ ಮೇಲೆ ತೂಗುಬಿಟ್ಟ ಒಂದೇ ಮೈಕಿನಿಂದ ದಾಖಲಾಗಿ, 1950ರಲ್ಲಿ ಎಲ್‌ಪಿಯಾಗಿ ಹೊರಬಂತು. ಅದನ್ನು ಕೇಳಿದಾಗಲೆಲ್ಲ ಆ ಸಭೆಯ ಗಾಳಿಯೇ ಕಿವಿಗೆ ತಾಗುತ್ತದೆ. ನನಗೆ ಬೇಕಾಗಿದ್ದುದು ಅದು.

ರಿಬ್ಬನ್ ಮೈಕಿಗೆ ಮುಂದಿನ ಸದ್ದೂ ಹಿಂದಿನ ಸದ್ದೂ ಸಮನಾಗಿ ಕೇಳುತ್ತದೆ. ಎರಡು ಪಕ್ಕಗಳಿಗೆ ಅದು ಬಹುಮಟ್ಟಿಗೆ ಕಿವುಡು. ಈ ಕಿವುಡನ್ನೇ ನಂಬಿ ವೇದಿಕೆ ಹೂಡಿದೆ. ಒಂದು ಮುಖಕ್ಕೆ ಎರಡು ಅಡಿಯಲ್ಲಿ ಗಿಟಾರ್, ಐದು ಅಡಿಯಲ್ಲಿ ಕ್ಲಾರಿನೆಟ್. ಇನ್ನೊಂದು ಮುಖಕ್ಕೆ ಬಾಸ್. ಕಿವುಡು ಪಕ್ಕಗಳಲ್ಲಿ ಒಂದು ಕಡೆ ಸಭಿಕರು, ಮತ್ತೊಂದು ಕಡೆ ಹತ್ತು ಅಡಿ ದೂರದಲ್ಲಿ ಡ್ರಮ್ಸ್.

ತಾಲೀಮಿನಲ್ಲಿ ಬಾಸ್ ಎಲ್ಲವನ್ನೂ ನುಂಗಿತು. ಹತ್ತಿರ ಬಂದಷ್ಟೂ ಈ ಮೈಕ್ ಮಂದ್ರವನ್ನು ಉಬ್ಬಿಸುತ್ತದೆ. ಬಾಸ್ ವಾದಕರನ್ನು ಒಂದು ಅಡಿ ಹಿಂದೆ ಸರಿಸಿದೊಡನೆ ಒಂದೊಂದು ಸ್ವರವೂ ಬಿಡಿಯಾಗಿ ಕೇಳಿತು. ಡ್ರಮ್ಸ್ ಇನ್ನೊಂದು ತೊಡಕು: ಕೋಲಿನ ಬದಲು ಡ್ರಮ್ ಮೇಲೆ ಆಡಿಸುವ ಬ್ರಷ್ಷಿನ ಸರಸರ ಗೋಡೆಗಳಿಗೆ ತಾಗಿ ಮಸುಕಾಗಿ ಬರುತ್ತಿತ್ತು. ಮೈಕನ್ನು ಅತ್ತ ತುಸುವೇ ತಿರುಗಿಸಿದೆ. ಸಭಿಕರ ಕೆಮ್ಮೂ ಒಂದಿಷ್ಟು ಸೇರಿತು, ಸೇರಲಿ. ಮೃದಂಗ ಕೇಳಿ ಬೆಳೆದ ನನಗೆ ಜಾಝ್‌ನ ನಾಲ್ಕೆಣಿಕೆಯಲ್ಲಿ ಎರಡನೆಯ, ನಾಲ್ಕನೆಯ ಎಣಿಕೆಗೆ ಒತ್ತು ಬೀಳುವುದು ಒಂದು ಕಾಲದಲ್ಲಿ ತಲೆಕೆಳಗಾಗಿ ಕೇಳಿಸುತ್ತಿತ್ತು. ಈಗ ಆ ಒತ್ತು ಮಸುಕಾದರೆ ನಾನು ಸಹಿಸಲಾರೆ.

ಗಿಟಾರ್ ಒಂಟಿಯಾಗಿ ನುಡಿಸುವಾಗ ಏನು ಮಾಡುವುದು? ನೆಲಕ್ಕೆ ಬಣ್ಣದ ಟೇಪ್ ಅಂಟಿಸಿದೆ. ತನ್ನ ಸರದಿ ಬಂದಾಗ ಗಿಟಾರ್ ವಾದಕ ಒಂದು ಹೆಜ್ಜೆ ಮುಂದೆ, ಕ್ಲಾರಿನೆಟ್ ಎರಡು ಹೆಜ್ಜೆ ಹಿಂದೆ. ಒಬ್ಬರನ್ನೊಬ್ಬರು ನೋಡುತ್ತ ನಿಂತದ್ದರಿಂದ ಕಣ್ಸನ್ನೆಯಲ್ಲೇ ಎಲ್ಲ ನಡೆಯಿತು. ಲಯ ಎಲ್ಲಿಯೂ ಕುಸಿಯಲಿಲ್ಲ. ಹೆಡ್‌ಫೋನ್ ಹಾಕಿ ಬೇರೆ ಬೇರೆ ಕೋಣೆಗಳಲ್ಲಿ ನುಡಿಸಿದ್ದರೆ ಆ ಬಿಗಿ ಬರುತ್ತಿರಲಿಲ್ಲ ಎಂದೇ ನನ್ನ ನಂಬಿಕೆ.

ಮರುದಿನ ಕೇಳಿಸಿದಾಗ ಬಾಸ್ ವಾದಕರು, ಮೂರನೆಯ ಹಾಡಿನಲ್ಲಿ ತಮ್ಮ ಸದ್ದನ್ನು ಕೊಂಚ ಏರಿಸಬಹುದೇ ಎಂದು ಕೇಳಿದರು. ಏರಿಸಿದರೆ ನಾಲ್ಕೂ ಒಟ್ಟಿಗೆ ಏರುತ್ತವೆ ಎಂದೆ. ಅವರು ಇನ್ನೊಮ್ಮೆ ಕೇಳಿ, ಹಾಗೇ ಇರಲಿ ಎಂದರು. ಮುಂದಿನ ತಿಂಗಳು ಅದೇ ಸಭಾಂಗಣದಲ್ಲಿ ಮತ್ತೆ ಕಛೇರಿ ಇದೆ. ಅವರು ನಿಲ್ಲುವ ಜಾಗದ ಟೇಪನ್ನು ಮೈಕಿಗೆ ನಾಲ್ಕು ಬೆರಳಷ್ಟು ಹತ್ತಿರ ಅಂಟಿಸಬೇಕು.