ಗಾಳಿಯಿಂದ ಓಡುವ ಗ್ರೇವರ್: ಬಾಳಿಕೆ ಬರಲು ಏನು ಮಾಡಬೇಕು?

ಲೋಹದ ಮೇಲೆ ಚಿತ್ತಾರ ಕೆತ್ತುವ ಗಾಳಿ ಗ್ರೇವರ್ ‘ಕೆಟ್ಟುಹೋಯ್ತು’ ಅಂತ ಪಕ್ಕಕ್ಕಿಡುವ ಮುಂಚೆ ಒಮ್ಮೆ ಬಿಚ್ಚಿ ನೋಡಿ. ಎಷ್ಟೋ ಸಲ ಒಳಗೆ ಏನೂ ಮುರಿದಿರುವುದಿಲ್ಲ. ಪಿಸ್ಟನ್ ಜಿಡ್ಡು ಹಿಡಿದು ಅಂಟಿಕೊಂಡಿರುತ್ತದೆ, ಅಷ್ಟೇ.

ಹ್ಯಾಂಡ್‌ಪೀಸ್, ಅಂದರೆ ಕೈಯಲ್ಲಿ ಹಿಡಿಯುವ ಭಾಗದ ಕೊಳವೆಯೊಳಗೆ ಪುಟ್ಟ ಪಿಸ್ಟನ್ ಹಿಂದೆ ಮುಂದೆ ಓಡಾಡುತ್ತಾ ನಿಮಿಷಕ್ಕೆ ಸಾವಿರಾರು ಪೆಟ್ಟು ಕೊಡುತ್ತದೆ. ಅದಕ್ಕೂ ಕೊಳವೆಯ ಗೋಡೆಗೂ ನಡುವೆ ಕೂದಲೆಳೆಯಷ್ಟೂ ಜಾಗ ಇಲ್ಲ. ಹಾಗಾಗಿ ಒಳಗೆ ಹೋಗುವ ಗಾಳಿ ಚೊಕ್ಕವಾಗಿರಬೇಕು, ಒಣಗಿರಬೇಕು.

ಮೊದಲು ಕಂಪ್ರೆಸರ್. ಗಾಳಿಯನ್ನು ಒತ್ತಿ ತುಂಬಿದಾಗ ಅದರಲ್ಲಿನ ತೇವ ನೀರಾಗಿ ಟ್ಯಾಂಕಿನ ತಳದಲ್ಲಿ ನಿಲ್ಲುತ್ತದೆ. ಸಂಜೆ ಕೆಲಸ ಮುಗಿದ ಮೇಲೆ ಕೆಳಗಿನ ತಿರುಪು ಬಿಟ್ಟು ಬಸಿದುಬಿಡಿ. ಮಂಗಳೂರು, ಉಡುಪಿ ಕಡೆಯ ಮಳೆಗಾಲದಲ್ಲಿ ಒಂದು ದಿನವೂ ಬಿಡಬೇಡಿ. ನೀರಿನ ಫಿಲ್ಟರನ್ನು ಕೆಲಸದ ಮೇಜಿನ ಹತ್ತಿರ ಹಾಕಿಸಿ. ಪೈಪಿನಲ್ಲಿ ಬರುತ್ತಾ ಗಾಳಿ ತಣ್ಣಗಾಗಿ ಅಲ್ಲೂ ನೀರು ಬಿಡುತ್ತದೆ, ಅಲ್ವಾ? ಎಣ್ಣೆ ಹಾಕುವ ಕಂಪ್ರೆಸರ್ ಆದರೆ ಎಣ್ಣೆ ಹಿಡಿಯುವ ಫಿಲ್ಟರ್ ಕೂಡ ಬೇಕು.

ಯಂತ್ರ ಅಂದ ಕೂಡಲೇ ಎರಡು ತೊಟ್ಟು ಹೊಲಿಗೆ ಯಂತ್ರದ ಎಣ್ಣೆ ಬಿಡುವ ಚಾಳಿ ನಮಗಿದೆ. ಇಲ್ಲಿ ಬೇಡ. ಇಂಥ ಹ್ಯಾಂಡ್‌ಪೀಸ್‌ಗಳು ಸಾಮಾನ್ಯವಾಗಿ ಎಣ್ಣೆ ಇಲ್ಲದೆಯೇ ಓಡುತ್ತವೆ. ಕಂಪನಿ ಕೈಪಿಡಿಯಲ್ಲಿ ಹಾಕಿ ಅಂತ ಇದ್ದರೆ ಮಾತ್ರ ಹಾಕಿ.

ಪೆಟ್ಟು ಮಂಕಾಯಿತು, ಶುರುವಾಗಲು ತಡವರಿಸಿತು ಅಂದರೆ ತೊಳೆಯುವ ಹೊತ್ತು ಬಂತು. ಗಾಳಿ ಬಂದ್ ಮಾಡಿ. ಅಂಚಿರುವ ತಟ್ಟೆಯಲ್ಲಿ ಬಿಳಿ ಬಟ್ಟೆ ಹಾಸಿ, ಅದರ ಮೇಲೆ ಬಿಚ್ಚಿ. ಒಳಗಿನ ಸ್ಪ್ರಿಂಗ್ ಎಗರಿ ಮೇಜಿನ ಕೆಳಗೆ ಹೋದರೆ ಅರ್ಧ ದಿನ ಹುಡುಕಾಟವೇ. ಪಿಸ್ಟನ್ ಯಾವ ಕಡೆ ಮುಖ ಮಾಡಿತ್ತು ಅಂತ ಫೋಟೊ ತೆಗೆದಿಡಿ. ಎಳೆ ಬಿಡದ ಬಟ್ಟೆಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿ ಪಿಸ್ಟನ್ ಒರೆಸಿ, ಕೊಳವೆಯ ಒಳಗೂ ಒರೆಸಿ. ಬೆಸುಗೆಯ ಉರಿ ಪಕ್ಕದಲ್ಲಿರಬಾರದು. ಎಮೆರಿ ಕಾಗದ ಹತ್ತಿರಕ್ಕೂ ತರಬೇಡಿ. ಒಮ್ಮೆ ಉಜ್ಜಿದರೆ ಆ ಅಳತೆ ಮತ್ತೆ ಸಿಗುವುದಿಲ್ಲ. ಒಣಗಿದ ಮೇಲೆ, ಸ್ಪ್ರಿಂಗ್ ಹಾಕುವ ಮುಂಚೆ, ಪಿಸ್ಟನ್ ಒಳಗಿಟ್ಟು ಕೊಳವೆಯನ್ನು ಮೆಲ್ಲಗೆ ಓರೆ ಮಾಡಿ. ತನ್ನ ಭಾರಕ್ಕೇ ಜಾರಿದರೆ ಸರಿ. ತಡೆದರೆ ಮತ್ತೆ ಒರೆಸಿ.

ಇನ್ನು ಹ್ಯಾಂಡ್‌ಪೀಸ್ ತುದಿಗೆ ಸಿಕ್ಕಿಸುವ ಉಳಿಯ ಮೊನೆ. ಮೊಂಡು ಉಳಿಗೆ ನಾವು ಗಾಳಿಯ ಒತ್ತಡ ಏರಿಸುತ್ತೇವೆ, ಕೈಯೂ ಹೆಚ್ಚು ಒತ್ತುತ್ತದೆ. ಉಳಿ ಜಾರುವುದು ಆಗಲೇ. ಮೊನೆಯನ್ನು ಹೆಬ್ಬೆರಳ ಉಗುರಿನ ಮೇಲೆ ಓರೆಯಾಗಿ, ಒತ್ತದೆ ಇಡಿ. ಕಚ್ಚಿ ನಿಂತರೆ ಹರಿತ, ಜಾರಿದರೆ ಸಾಣೆ ಹಿಡಿಯಿರಿ. ಕಾರ್ಬೈಡ್ ಉಳಿಗೆ ವಜ್ರದ ಪುಡಿಯ ಸಾಣೆ ಚಕ್ರವೇ ಆಗಬೇಕು. ಕಾರ್ಬೈಡ್ ಗಟ್ಟಿ ನಿಜ, ಆದರೆ ಕೆಳಗೆ ಬಿದ್ದರೆ ಮೊನೆ ಚಕ್ಕೆ ಏಳುತ್ತದೆ. ಉಳಿ ಬಿಗಿಯುವ ಸ್ಕ್ರೂ ಸಡಿಲವಿದ್ದರೂ ಪೆಟ್ಟಿನ ಬಲ ಅಲ್ಲೇ ಸೋರಿಹೋಗುತ್ತದೆ.

ಕೊನೆಗೆ ಪೈಪು. ಜೋಡಣೆಗಳ ಮೇಲೆ ಸೋಪು ನೀರು ಹಚ್ಚಿ, ಗುಳ್ಳೆ ಎದ್ದ ಕಡೆ ಬಿಗಿ ಮಾಡಿ. ಆದರೂ ನಿಲ್ಲದಿದ್ದರೆ ಜೋಡಣೆಯೊಳಗಿನ ರಬ್ಬರ್ ಬಳೆ (ಓ-ರಿಂಗ್) ಬದಲಿಸಿ. ಹಳೆಯದನ್ನು ಅಂಗಡಿಗೆ ಹಿಡಿದುಕೊಂಡೇ ಹೋಗಿ, ಕಣ್ಣಳತೆಯಲ್ಲಿ ತಂದದ್ದು ಕೂರುವುದಿಲ್ಲ.